ಎತ್ತಿದ ಹೆಜ್ಜೆಯ ಕೆಳಗೆ

2023ರ ಸೆಪ್ಟೆಂಬರ್ 7ರ ರಾತ್ರಿ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ಮಹತ್ವದ ಪಂದ್ಯವೊಂದು ನಡೆದಿತ್ತು. ಮೆಲ್ಬರ್ನ್ ತಂಡದ ಆಂಗಸ್ ಬ್ರೇಶಾ ಓಡುತ್ತಲೇ ಚೆಂಡನ್ನು ಒದ್ದರು. ಅದನ್ನು ಕೈಯಿಂದ ತಡೆಯಲೆಂದು ಕಾಲಿಂಗ್‌ವುಡ್ ತಂಡದ ಬ್ರೇಡನ್ ಮೇನಾರ್ಡ್ ಎದುರಿನಿಂದ ಮೇಲಕ್ಕೆ ನೆಗೆದರು. ನೆಗೆತವೇನೋ ಚೆಂಡಿಗಾಗಿಯೇ ಇತ್ತು. ಆದರೆ ಗಾಳಿಯಲ್ಲಿದ್ದ ದೇಹವು ಅದೇ ವೇಗದಲ್ಲಿ ಮುಂದೆ ಸಾಗಿ, ಇಳಿಯುವಾಗ ಭುಜವು ಬ್ರೇಶಾ ಅವರ ತಲೆಗೆ ಅಪ್ಪಳಿಸಿತು. ಹಿಂದಿನ ಪೆಟ್ಟುಗಳ ಕಾರಣದಿಂದ ರಕ್ಷಾಕವಚ ಧರಿಸಿಯೇ ಆಡುತ್ತಿದ್ದ ಆ ಆಟಗಾರ ಪ್ರಜ್ಞೆ ತಪ್ಪಿ ಬಿದ್ದರು. ಅವರನ್ನು ಸ್ಟ್ರೆಚರ್ ಮೇಲೆ ಹೊರಗೆ ಒಯ್ಯಬೇಕಾಯಿತು.

ಅಧ್ಯಾತ್ಮದ ಅಂಕಣದಲ್ಲಿ ಕಡಲಾಚೆಯ ಕಾಲ್ಚೆಂಡಿನ ಪ್ರಸ್ತಾಪವೇಕೆ ಎಂದು ಓದುಗರು ಕೇಳಬಹುದು. ಅನಂತರ ಆ ದೇಶದಲ್ಲಿ ಎದ್ದ ಪ್ರಶ್ನೆಯು ನಮ್ಮ ಆಚಾರ್ಯರು ಶತಮಾನಗಳ ಹಿಂದೆಯೇ ಎತ್ತಿಕೊಂಡಿದ್ದ ಪ್ರಶ್ನೆ. ಅದಕ್ಕಾಗಿ ಈ ಪ್ರಸ್ತಾಪ. ಕೊಲ್ಲುವ, ನೋಯಿಸುವ ಸಂಕಲ್ಪವೇ ಇಲ್ಲದವನಿಂದ ಘೋರವಾದ ನೋವು ಒದಗಿದರೆ ಅವನು ಹಿಂಸಕನೆ?

ಪಂದ್ಯಗಳ ಪರಿಶೀಲನಾಧಿಕಾರಿಯು ಮೇನಾರ್ಡ್ ಅವರಲ್ಲಿ ದೋಷ ಕಾಣಲಿಲ್ಲ. ಆಟದ ಆಡಳಿತ ವರ್ಗವು ಅದನ್ನು ಒಪ್ಪದೆ ಪ್ರಕರಣವನ್ನು ನ್ಯಾಯಮಂಡಳಿಗೆ ಕಳುಹಿಸಿತು. ಒಮ್ಮೆ ಪಾದಗಳು ನೆಲ ಬಿಟ್ಟ ಮೇಲೆ ದೇಹದ ದಿಕ್ಕನ್ನು ಬದಲಿಸಲು ಮನುಷ್ಯನಿಗೆ ಸಮಯವೇ ಇರುವುದಿಲ್ಲ ಎಂಬ ವಾದವನ್ನು ತಜ್ಞಸಾಕ್ಷ್ಯದ ಬೆಂಬಲದಿಂದ ಮಂಡಿಸಲಾಯಿತು. ಮಂಡಳಿಯು ಮೇನಾರ್ಡ್ ಅವರನ್ನು ನಿರ್ದೋಷಿಯೆಂದು ಬಿಟ್ಟಿತು. ಅದೇ ತಿಂಗಳ ಕೊನೆಯಲ್ಲಿ ಅವರ ತಂಡ ಪ್ರಶಸ್ತಿಯನ್ನೂ ಗೆದ್ದಿತು.

ಈ ವಾದವನ್ನು ಓದಿದಾಗ ನನಗೆ ತಟ್ಟನೆ ನೆನಪಾದದ್ದು ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳುವುದಿಲ್ಲ; ಅದರ ಹಿಂದೆ ಪ್ರಮತ್ತಯೋಗವೆಂಬ ಕಾರಣವನ್ನು ಇಡುತ್ತಾರೆ. ಅದನ್ನು ವಿವರಿಸುವಲ್ಲಿ ಪೂಜ್ಯಪಾದರು ಒಂದು ಪ್ರಾಚೀನ ದೃಷ್ಟಾಂತವನ್ನು ಎತ್ತಿಕೊಳ್ಳುತ್ತಾರೆ. ಈರ್ಯಾಸಮಿತಿಯಿಂದ ನಡೆಯುತ್ತಿರುವ ಮುನಿಯೊಬ್ಬನು ಹೆಜ್ಜೆಯನ್ನು ಎತ್ತಿದ್ದಾನೆ. ಆ ಕ್ಷಣದಲ್ಲಿ ಸಣ್ಣ ಜೀವಿಯೊಂದು ಪಾದದ ಕೆಳಗೆ ಬಂದು ಸಾಯುತ್ತದೆ. ಆ ಮುನಿಗೆ ಅದರಿಂದ ಬಂಧವಿಲ್ಲ. ಎತ್ತಿದ ಹೆಜ್ಜೆ ಮತ್ತು ನೆಲ ಬಿಟ್ಟ ನೆಗೆತ ಮೇಲ್ನೋಟಕ್ಕೆ ಒಂದೇ.

ಮೇಲ್ನೋಟಕ್ಕೆ ಮಾತ್ರ. ಮುನಿಗೆ ದೊರೆತ ವಿನಾಯಿತಿಯು ಹೆಜ್ಜೆ ಗಾಳಿಯಲ್ಲಿದ್ದ ಕಾರಣಕ್ಕೆ ದೊರೆತದ್ದಲ್ಲ. ನಾಲ್ಕು ಕೈ ಅಳತೆಯ ನೆಲವನ್ನು ಮುಂದೆ ನೋಡಿಕೊಂಡು, ಹಗಲ ಬೆಳಕಿನಲ್ಲಿ, ಮೆಲ್ಲನೆ ಎತ್ತಿದ ಹೆಜ್ಜೆ ಅದು. ಎಚ್ಚರವೆಲ್ಲವೂ ಎತ್ತುವ ಮೊದಲೇ ಮುಗಿದಿತ್ತು. ನೋಡದೆ ಎತ್ತಿದ್ದರೆ, ಕೆಳಗೆ ಇರುವೆ ಬಾರದೇ ಹೋಗಿದ್ದರೂ ಆತ ಹಿಂಸಕನೇ. ಪ್ರವಚನಸಾರದಲ್ಲಿ ಕುಂದಕುಂದಾಚಾರ್ಯರ ನಿಲುವು ಇದೇ: ಯತ್ನವಿಲ್ಲದೆ ಆಚರಿಸುವವನಿಗೆ, ಎದುರಿನ ಜೀವ ಉಳಿಯಲಿ ಅಳಿಯಲಿ, ಹಿಂಸೆ ನಿಶ್ಚಿತ. ‘ನಾನು ಬೇಕೆಂದು ಮಾಡಲಿಲ್ಲ’ ಎಂದು ಭಾವಹಿಂಸೆಯ ತತ್ತ್ವದ ನೆರಳಿನಲ್ಲಿ ಅಡಗಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳವಿದೆ. ಆಚಾರ್ಯರು ಆ ನೆರಳನ್ನು ಯಾರಿಗೂ ಕೊಟ್ಟಿಲ್ಲ.

ಆಸ್ಟ್ರೇಲಿಯದ ಆಟದ ಆಡಳಿತವೂ ತನ್ನದೇ ದಾರಿಯಲ್ಲಿ ಇಲ್ಲಿಗೇ ಬಂದು ತಲುಪಿತು. ಮೇನಾರ್ಡ್ ಪ್ರಕರಣದ ಬಳಿಕ, 2024ರ ಋತುವಿನಿಂದ ನಿಯಮ ಬದಲಾಯಿತು. ಚೆಂಡು ತಡೆಯಲು ನೆಲ ಬಿಟ್ಟು ನೆಗೆದು ಎದುರಾಳಿಯ ತಲೆಗೆ ಬಲವಾಗಿ ತಾಗಿದವನನ್ನು, ವಿಶೇಷ ಕಾರಣವಿಲ್ಲದಿದ್ದರೆ, ಕನಿಷ್ಠಪಕ್ಷ ಅಜಾಗರೂಕನೆಂದೇ ಪರಿಗಣಿಸಲಾಗುತ್ತದೆ. ಗಾಳಿಯಲ್ಲಿ ಏನು ಮಾಡಬಹುದಿತ್ತು ಎಂಬ ಪ್ರಶ್ನೆಯನ್ನು ಬಿಟ್ಟು, ನೆಗೆಯುವ ಮುನ್ನ ಏನನ್ನು ನೋಡಬೇಕಿತ್ತು ಎಂದು ಕೇಳುವ ನಿಯಮವಿದು.

ಅವರ ದಂಡನೆಯ ಪಟ್ಟಿಯೂ ಗಮನಾರ್ಹ. ಮೊದಲು ಕೃತ್ಯವು ಉದ್ದೇಶಪೂರ್ವಕವೋ ಅಜಾಗರೂಕವೋ ಎಂದು ನಿರ್ಣಯಿಸುತ್ತಾರೆ. ಬಳಿಕ ಆಘಾತವು ಅಲ್ಪವೋ, ಮಧ್ಯಮವೋ, ಅಧಿಕವೋ, ತೀವ್ರವೋ. ತಾಗಿದ್ದು ತಲೆಗೋ ಮೈಗೋ ಎಂದು ನೋಡುತ್ತಾರೆ. ತೀವ್ರ, ಮಂದ, ಜ್ಞಾತ, ಅಜ್ಞಾತ ಭಾವಗಳ ಭೇದದಿಂದ ಆಸ್ರವವೂ ಭೇದಗೊಳ್ಳುತ್ತದೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಬೋಧಿಸುವುದನ್ನು ಬಲ್ಲವರಿಗೆ ಈ ವರ್ಗೀಕರಣ ಅಪರಿಚಿತವೆನಿಸದು. ಒಂದು ವ್ಯತ್ಯಾಸವಂತೂ ಇದೆ. ನಮ್ಮಲ್ಲಿ ತೀವ್ರ, ಮಂದಗಳು ಮಾಡುವವನ ಪರಿಣಾಮಗಳಿಗೆ ಸಂಬಂಧಿಸಿದವು. ಅಲ್ಲಿ ಬಹುಮಟ್ಟಿಗೆ ಪೆಟ್ಟು ತಿಂದವನ ಗಾಯಕ್ಕೆ. ಒಂದೇ ಬಗೆಯ ಡಿಕ್ಕಿಯಲ್ಲಿ ಒಬ್ಬನು ಎದ್ದು ಓಡಿದರೆ ಶಿಕ್ಷೆ ಕಿರಿದು, ಮತ್ತೊಬ್ಬನು ಏಳದಿದ್ದರೆ ಹಿರಿದು. ಗಾಯವಾಗದಿದ್ದರೂ ಆಗಬಹುದಾಗಿದ್ದ ಹಾನಿಯನ್ನು ಲೆಕ್ಕಕ್ಕೆ ಹಿಡಿಯಬೇಕೆಂಬ ಸೂಚನೆ ಅವರ ನಿಯಮಗಳಲ್ಲಿಯೇ ಇದೆ. ಅದನ್ನು ಇನ್ನಷ್ಟು ಧಾರಾಳವಾಗಿ ಬಳಸಬೇಕೆಂಬುದು ನನ್ನ ಅಭಿಮತ.

2018ರಲ್ಲಿ ಇದೇ ಬ್ರೇಶಾ ಅವರ ತಮ್ಮ, 18 ವರ್ಷದ ಆಂಡ್ರ್ಯೂ, ಆಂಡ್ರ್ಯೂ ಗಾಫ್ ಎಂಬ ಆಟಗಾರರ ಮುಷ್ಟಿಪ್ರಹಾರಕ್ಕೆ ಸಿಲುಕಿ ದವಡೆ ಮುರಿದುಕೊಂಡಿದ್ದರು. ತಮ್ಮ ಗುರಿ ಎದೆಯಾಗಿತ್ತೇ ಹೊರತು ಮುಖವಲ್ಲವೆಂದು ಗಾಫ್ ಹೇಳಿದರು. ಹೊಡೆಯುವ ಉದ್ದೇಶವಿತ್ತೆಂಬುದು ಉಳಿಯಿತು. 8 ಪಂದ್ಯಗಳ ಅಮಾನತು ಆಯಿತು. 2024ರ ಮಾರ್ಚ್‌ನಲ್ಲಿ ಜಿಮ್ಮಿ ವೆಬ್‌ಸ್ಟರ್ ಎಂಬವರು ಎದುರಾಳಿ ತಂಡದ ನಾಯಕನ ತಲೆಗೆ ಭುಜದಿಂದ ಗುದ್ದಿದ್ದಕ್ಕೆ, ಕೃತ್ಯವನ್ನು ಅಜಾಗರೂಕತೆಯೆಂದು ವರ್ಗೀಕರಿಸಿದ್ದರೂ, 7 ಪಂದ್ಯಗಳನ್ನು ಕಳೆದುಕೊಂಡರು. ಸಂಕಲ್ಪಕ್ಕೂ ಪ್ರಮಾದಕ್ಕೂ ನಡುವೆ ಉಳಿದ ಅಂತರ ಒಂದೇ ಪಂದ್ಯದ್ದು.

ತಲೆಯ ವಿಷಯದಲ್ಲಿ ಇಷ್ಟು ಕಠಿಣತೆ ಏಕೆ? ಆ ಆಟದ ಮಹಾಪುರುಷರಲ್ಲಿ ಒಬ್ಬರೆನಿಸಿದ ಗ್ರಹಾಂ ಫಾರ್ಮರ್ ಅವರ ಮಿದುಳಿನಲ್ಲಿ, ಮರಣಾನಂತರ 2020ರಲ್ಲಿ, ಪದೇಪದೇ ಬಿದ್ದ ಪೆಟ್ಟುಗಳಿಂದ ಉಂಟಾಗುವ, ಮಿದುಳನ್ನು ಸವೆಸುವ ರೋಗವೊಂದು ಪತ್ತೆಯಾಯಿತು. ಹೀದರ್ ಆಂಡರ್ಸನ್ ಎಂಬ ಆಟಗಾರ್ತಿ ತೀರಿಕೊಂಡಾಗ ಅವರಿಗೆ 28 ವರ್ಷ. ಅವರಲ್ಲಿಯೂ ಅದೇ ಕಂಡಿತು. ನಮ್ಮ ಶಾಸ್ತ್ರವು ಪ್ರಾಣವನ್ನು ಹತ್ತಾಗಿ ಎಣಿಸುತ್ತದೆ: ಐದು ಇಂದ್ರಿಯಗಳು, ಮನ, ವಚನ, ಕಾಯವೆಂಬ ಮೂರು ಬಲಗಳು, ಉಸಿರು, ಆಯುಷ್ಯ. ಕೊನೆಯ ಎರಡಕ್ಕೆ ಧಕ್ಕೆಯಾಗದಿದ್ದರೂ ಮನೋಬಲ ಕುಂದಿದರೆ ಅದು ಪ್ರಾಣಹಾನಿಯೇ. ಜೀವ ಹೋಗಲಿಲ್ಲವಲ್ಲ ಎಂದು ಸಮಾಧಾನಪಡುವವರಿಗೆ ಈ ಎಣಿಕೆಯಲ್ಲಿ ಎಡೆಯಿಲ್ಲ.

ಇನ್ನು ಅಮಾನತಿನ ವಿಚಾರ. ತತ್ತ್ವಾರ್ಥಸೂತ್ರವು ಹೇಳುವ ಒಂಬತ್ತು ಪ್ರಾಯಶ್ಚಿತ್ತಗಳಲ್ಲಿ ಎಂಟನೆಯದು ಪರಿಹಾರ. ಇಂದು ಆ ಶಬ್ದ ಕೇಳಿದರೆ ನೆರೆ ಬಂದಾಗ ಸರ್ಕಾರ ಹಂಚುವ ಹಣವೇ ಕಣ್ಣಮುಂದೆ ಬರುತ್ತದೆ. ಮುನಿಸಂಘದಲ್ಲಿ ಅದರ ಅರ್ಥ ಬೇರೆ: ತಪ್ಪಿದವನನ್ನು ಪಕ್ಷ, ಮಾಸಗಳೆಂಬ ಗೊತ್ತಾದ ಅವಧಿಯವರೆಗೆ ಸಂಘದಿಂದ ದೂರವಿರಿಸುವುದು. ಆಟದ ಅಮಾನತು ಮೊದಲಿಗೆ ಇತರರ ತಲೆ ಕಾಯಲು ಇರುವುದು. ಪರಿಹಾರವು ತಪ್ಪಿದವನ ಚಿತ್ತಶುದ್ಧಿಗಾಗಿ. ಆದುದರಿಂದ ಅದಕ್ಕೆ ಮೊದಲು ಆಲೋಚನೆ, ಎಂದರೆ ಗುರುವಿನೆದುರು ತಾನೇ ದೋಷವನ್ನು ನಿವೇದಿಸಿಕೊಳ್ಳುವುದು, ಇರಲೇಬೇಕು. ಆ ನಿವೇದನೆಗೂ ಹತ್ತು ದೋಷಗಳುಂಟು. ಶಿಕ್ಷೆ ಹಗುರಾಗಲೆಂದು ಗುರುವಿನ ಮನ ಕರಗಿಸುವುದು ಒಂದು. ಇತರರ ಕಣ್ಣಿಗೆ ಬಿದ್ದ ತಪ್ಪನ್ನಷ್ಟೇ ಹೇಳಿ ಉಳಿದುದನ್ನು ಮುಚ್ಚಿಡುವುದು ಇನ್ನೊಂದು. ಕ್ಯಾಮೆರಾದ ಚಿತ್ರಗಳನ್ನು ನೋಡಿ ತೀರ್ಪು ನೀಡುವ ಪದ್ಧತಿಯು ಎಷ್ಟೇ ನಿಷ್ಪಕ್ಷಪಾತವಾಗಿದ್ದರೂ ಈ ಎರಡನೆಯ ದೋಷವನ್ನು ತೊಡೆಯಲಾರದು. ಅದು ತೊಡೆಯಬೇಕೆಂದು ಅಪೇಕ್ಷಿಸುವುದೂ ನ್ಯಾಯವಲ್ಲ.

ಘಟನೆಯ ಬೆನ್ನಿಗೇ ಮೇನಾರ್ಡ್ ಅವರು ಬ್ರೇಶಾ ಅವರ ಮನೆಗೆ ಹೋಗಿ ಕಂಡುಬಂದರು. ಅದು ಉಚಿತವೇ ಅನುಚಿತವೇ ಎಂದು ಅಲ್ಲಿಯ ಪತ್ರಿಕೆಗಳಲ್ಲಿ ಚರ್ಚೆ ನಡೆಯಿತು. ಅವಸರದ ಭೇಟಿಯಾದರೂ ಹೋಗದಿರುವುದಕ್ಕಿಂತ ಹೋದದ್ದೇ ಲೇಸೆಂದು ನನಗೆ ತೋರುತ್ತದೆ.

ಪರಿಹಾರದ ಅವಧಿ ಮುಗಿದ ಮುನಿಯು ಸಂಘಕ್ಕೆ ಮರಳುತ್ತಾನೆ. ಗಾಫ್ ಅವರೂ 2019ರಲ್ಲಿ ಮೈದಾನಕ್ಕೆ ಮರಳಿದರು. ಆಂಗಸ್ ಬ್ರೇಶಾ ಮರಳಲಿಲ್ಲ. ಸ್ಕ್ಯಾನ್‌ನಲ್ಲಿ ಮಿದುಳಿನ ಬದಲಾವಣೆಗಳು ಕಂಡುಬಂದುದರಿಂದ 2024ರ ಫೆಬ್ರವರಿಯಲ್ಲಿ, ವೈದ್ಯರ ಸಲಹೆಯಂತೆ, 28ನೆಯ ವಯಸ್ಸಿಗೇ ಅವರು ಆಟಕ್ಕೆ ವಿದಾಯ ಹೇಳಿದರು.