ಶಾಯಿ ಇಳಿಯಲು ಗಾಳಿ ಏರಬೇಕು

ಶಾಯಿ ಪೆನ್ನಿನಲ್ಲಿ ಮುಖ್ಯವಾಗಿ ಇರುವುದು ನಾಲ್ಕು ಭಾಗ: ಶಾಯಿ ತುಂಬುವ ಕೊಳವೆ, ಬೆರಳು ಹಿಡಿಯುವ ಕತ್ತು, ಕಾಗದ ಮುಟ್ಟುವ ನಿಬ್ಬು, ಮತ್ತು ನಿಬ್ಬಿನ ಅಡಿಗೆ ಒತ್ತಿಕೊಂಡಿರುವ ಕಪ್ಪು ನಾಲಿಗೆ. ನಿಬ್ಬಿನ ನಡುವೆ ಒಂದು ಸೀಳು, ಸೀಳಿನ ಮೇಲ್ತುದಿಯಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ತೂತು. ಕೊಳ್ಳುವವರು ಕೊಳವೆಯ ಬಣ್ಣ ನೋಡುತ್ತಾರೆ, ನಿಬ್ಬಿನ ಹೊಳಪು ನೋಡುತ್ತಾರೆ. ಪೆನ್ನು ಬರೆಯುತ್ತದೆಯೋ, ತಡವರಿಸುತ್ತದೆಯೋ, ಜೇಬಿನಲ್ಲಿ ಕಕ್ಕುತ್ತದೆಯೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮಾತ್ರ ಯಾರೂ ತಿರುಗಿ ನೋಡದ ಆ ನಾಲಿಗೆ.

ಕೊಳವೆಯಲ್ಲಿ ಎರಡು ಮೂರು ಮಿಲಿಲೀಟರ್ ಶಾಯಿ ಇದೆ, ನಿಬ್ಬು ಕೆಳಮುಖವಾಗಿದೆ, ದಾರಿ ತೆರೆದೇ ಇದೆ. ಆದರೂ ಶಾಯಿ ಸುರಿದುಹೋಗುವುದಿಲ್ಲ. ಎಳನೀರಿನ ಸ್ಟ್ರಾದ ಮೇಲ್ತುದಿಯನ್ನು ಬೆರಳಿನಿಂದ ಮುಚ್ಚಿ ಎತ್ತಿದರೆ ನೀರು ಸ್ಟ್ರಾದಲ್ಲೇ ನಿಲ್ಲುತ್ತದಲ್ಲ, ಇಲ್ಲಿಯೂ ಹಾಗೆಯೇ. ಒಳಗೆ ಗಾಳಿ ಹೋಗದೆ ದ್ರವ ಹೊರಡದು. ಬರೆಯತೊಡಗಿದಾಗ ಕಾಗದದ ನಾರು ಸೀಳಿನಿಂದ ಶಾಯಿ ಹೀರುತ್ತದೆ, ಸೀಳು ನಾಲಿಗೆಯ ಕಾಲುವೆಯಿಂದ ಹೀರುತ್ತದೆ, ಕಾಲುವೆ ಕೊಳವೆಯಿಂದ. ಕಿರಿದಾದ ಸಂದಿನಲ್ಲಿ ದ್ರವ ತಾನಾಗಿ ಮುಂದೆ ಸಾಗುವ ಈ ಗುಣವೇ ಕೇಶಾಕರ್ಷಣೆ. ಶಾಯಿ ಇಳಿದಷ್ಟೂ ಕೊಳವೆಯೊಳಗಿನ ಒತ್ತಡ ತಗ್ಗುತ್ತದೆ. ಅದು ಸಾಕಷ್ಟು ತಗ್ಗಿದಾಗ ನಾಲಿಗೆಯ ಕಾಲುವೆಯಲ್ಲೇ ಒಂದು ಗುಳ್ಳೆ ಗಾಳಿ ಮೇಲೇರಿ ಒಳಸೇರುತ್ತದೆ, ಒತ್ತಡ ಸರಿಹೋಗುತ್ತದೆ, ಮತ್ತೆ ಶಾಯಿ ಇಳಿಯುತ್ತದೆ. ಪಾರದರ್ಶಕ ಕೊಳವೆಯ ಪೆನ್ನಿನಲ್ಲಿ ನಾಲ್ಕಾರು ಸಾಲು ಬರೆಯುತ್ತ ಕಣ್ಣಿಟ್ಟರೆ ಆ ಗುಳ್ಳೆ ಏರುವುದು ಕಾಣುತ್ತದೆ. ಒಂದು ಸಲ ಕಂಡವರು ಬರವಣಿಗೆ ಬಿಟ್ಟು ಗುಳ್ಳೆ ಎಣಿಸುತ್ತ ಕೂರುವ ಅಪಾಯವೂ ಇದೆ.

ಶಾಯಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡ ಪೆನ್ನಿನ ಕಲ್ಪನೆ ಹಳೆಯದು. ರುಮೇನಿಯಾದ ಪೆಟ್ರಾಕೆ ಪೊಯೆನಾರು 1827ರಲ್ಲೇ ಪ್ಯಾರಿಸ್‌ನಲ್ಲಿ ಅಂಥದೊಂದಕ್ಕೆ ಪೇಟೆಂಟ್ ಪಡೆದಿದ್ದ. ಕಷ್ಟವಿದ್ದದ್ದು ಶಾಯಿ ಇಳಿಸುವುದರಲ್ಲಲ್ಲ, ಹದವಾಗಿ ಇಳಿಸುವುದರಲ್ಲಿ. 1884ರಲ್ಲಿ ಅಮೆರಿಕದ ಲೂಯಿಸ್ ಎಡ್ಸನ್ ವಾಟರ್‌ಮನ್ ನಾಲಿಗೆಯ ಕಾಲುವೆಯ ತಳದಲ್ಲಿ ಇನ್ನೂ ಸಪೂರವಾದ ಸೀಳುಗಳನ್ನು ಕೊರೆದ ರಚನೆಗೆ ಪೇಟೆಂಟ್ ಪಡೆದ. ಸೀಳುಗಳಲ್ಲಿ ಶಾಯಿ ಇಳಿಯಲು, ಅಗಲ ಕಾಲುವೆಯಲ್ಲಿ ಗಾಳಿ ಏರಲು ಜಾಗವಾಯಿತು. ಇಂದಿನ ಅಗ್ಗದ ಪೆನ್ನಿನ ಪ್ಲಾಸ್ಟಿಕ್ ನಾಲಿಗೆಯೂ ಇದೇ ತತ್ತ್ವದ ಸಂತತಿ. ವಾಟರ್‌ಮನ್ ವಿಮಾ ಏಜೆಂಟನಾಗಿದ್ದಾಗ ಕರಾರುಪತ್ರದ ಮೇಲೆ ಶಾಯಿ ಚೆಲ್ಲಿ ಗಿರಾಕಿ ಕೈತಪ್ಪಿದ, ಆ ಸಿಟ್ಟಿನಲ್ಲಿ ಪೆನ್ನು ಕಂಡುಹಿಡಿದ ಎಂಬ ಕಥೆ ಬಲು ಸೊಗಸಾಗಿದೆ. ಪೆನ್ನಿನ ಚರಿತ್ರೆ ಬಲ್ಲವರು ಅದನ್ನು ಜಾಹೀರಾತಿನ ಕಥೆಯೆಂದೇ ಎಣಿಸುತ್ತಾರೆ.

ಗಾಳಿಯ ಈ ಲೆಕ್ಕ ತಿಳಿಯದೆ ಬೆಳೆದ ನಂಬಿಕೆಯೊಂದು ಇದೆ: ಪೆನ್ನಿಗೆ ಕಂಠಮಟ್ಟ ಶಾಯಿ ತುಂಬಿದರೆ ಸೋರುತ್ತದೆ, ಅರ್ಧ ತುಂಬಿದರೆ ಕ್ಷೇಮ. ಇದು ತಲೆಕೆಳಗಾದ ಮಾತು. ಸೋರಿಸುವುದು ಶಾಯಿಯಲ್ಲ, ಶಾಯಿಯ ಮೇಲೆ ಕುಳಿತ ಗಾಳಿ. ಬರೆಯುವ ಕೈಯ ಕಾವು ಕೊಳವೆಗೆ ಇಳಿದಾಗ ಒಳಗಿನ ಗಾಳಿ 25 ಡಿಗ್ರಿ ಸೆಲ್ಸಿಯಸ್‌ನಿಂದ 35 ಡಿಗ್ರಿಗೆ ಏರಿತೆಂದುಕೊಂಡರೆ ಅದರ ಗಾತ್ರ ಶೇ. 3.4ರಷ್ಟು ಹಿಗ್ಗುತ್ತದೆ. ಮೂರು ಮಿಲಿಲೀಟರ್ ಹಿಡಿಯುವ ಕೊಳವೆಯಲ್ಲಿ ಎರಡೂವರೆ ಮಿಲಿಲೀಟರ್ ಶಾಯಿ, ಅರ್ಧ ಮಿಲಿಲೀಟರ್ ಗಾಳಿ ಇದ್ದರೆ ಹೊರದೂಡಲ್ಪಡುವ ಶಾಯಿ 0.017 ಮಿಲಿಲೀಟರ್, ಎಂದರೆ ಒಂದು ಹನಿಯ ಮೂರನೆಯ ಒಂದು ಪಾಲು. ಶಾಯಿ ಅರ್ಧ ಮಿಲಿಲೀಟರಿಗೆ ಇಳಿದು ಗಾಳಿ ಎರಡೂವರೆ ಮಿಲಿಲೀಟರ್ ಆಗಿದ್ದರೆ ಅದೇ ಕಾವಿಗೆ 0.085 ಮಿಲಿಲೀಟರ್, ಒಂದೂವರೆ ಹನಿಗೂ ಮೇಲೆ. ನಾಲಿಗೆಯ ಅಡಿಯಲ್ಲಿ ಬಾಚಣಿಗೆಯ ಹಲ್ಲಿನಂತೆ ಸಾಲಾಗಿರುವ ಗೆರೆಗಳು ಅಲಂಕಾರಕ್ಕಲ್ಲ. ಹೀಗೆ ಹೆಚ್ಚಾಗಿ ಬಂದ ಶಾಯಿಯನ್ನು ತಮ್ಮ ಸಂದುಗಳಲ್ಲಿ ಹಿಡಿದಿಟ್ಟು, ಕೊಳವೆ ತಣಿದ ಮೇಲೆ ಹಿಂದಕ್ಕೆ ಬಿಡಲೆಂದು ಅವು ಇರುವುದು. ಅವುಗಳ ಶಕ್ತಿಗೆ ಮೀರಿ ಬಂದದ್ದು ಹಾಳೆಯ ಮೇಲೆ ಬೀಳುತ್ತದೆ. ಪರೀಕ್ಷೆಯ ಕೊನೆಯ ಅರ್ಧ ಗಂಟೆಯಲ್ಲಿ, ಶಾಯಿ ಮುಗಿಯುತ್ತ ಬಂದ ಹೊತ್ತಿಗೇ ಪೆನ್ನು ದೊಪ್ಪನೆ ಕಕ್ಕುವುದು ದುರದೃಷ್ಟದಿಂದಲ್ಲ.

ಕಾವಿಗಿಂತ ಬಲಶಾಲಿ ಎತ್ತರ. ಮಂಗಳೂರಿನ ಕಡಲಮಟ್ಟದ ವಾಯುಭಾರಕ್ಕೆ ಹೋಲಿಸಿದರೆ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಶೇ. 10ರಷ್ಟು ಕಡಿಮೆ. ಘಟ್ಟ ಹತ್ತುವ ಬಸ್ಸಿನಲ್ಲಿ, ಚೀಲದೊಳಗೆ ಅಡ್ಡಡ್ಡ ಮಲಗಿದ ಮುಕ್ಕಾಲು ಖಾಲಿ ಪೆನ್ನಿನೊಳಗಿನ ಗಾಳಿ ಶೇ. 11ರಷ್ಟು ಹಿಗ್ಗಿ, ಐದಾರು ಹನಿ ಶಾಯಿಯನ್ನು ಮುಚ್ಚಳಕ್ಕೆ ತಳ್ಳಬಲ್ಲದು. ಅದೇ ಪೆನ್ನು ಘಟ್ಟ ಇಳಿಯುವಾಗ ಸೋರದು, ಆಗ ಹೊರಗಿನ ಗಾಳಿಯೇ ಒಳಗೆ ನುಗ್ಗುತ್ತದೆ. ವಿಮಾನದ ಒಳಗಿನ ಒತ್ತಡ ಸಾಮಾನ್ಯವಾಗಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನದಕ್ಕೆ ಸಮ. ಅಲ್ಲಿ ಗಾಳಿ ಕಾಲುಭಾಗಕ್ಕೂ ಹೆಚ್ಚು ಹಿಗ್ಗುತ್ತದೆ. ಪರಿಹಾರ ಸುಲಭ: ಪ್ರಯಾಣಕ್ಕೆ ಮುನ್ನ ಪೆನ್ನನ್ನು ಪೂರ್ತಿ ತುಂಬಬೇಕು ಇಲ್ಲವೇ ಪೂರ್ತಿ ಬರಿದು ಮಾಡಬೇಕು, ಮತ್ತು ನಿಬ್ಬು ಮೇಲಾಗಿ ನಿಲ್ಲಿಸಿರಬೇಕು. ಹಾಗಿದ್ದರೆ ಹಿಗ್ಗಿದ ಗಾಳಿ ಶಾಯಿಯನ್ನು ಮುಟ್ಟದೆ ತಾನೊಂದೇ ಹೊರಬೀಳುತ್ತದೆ. ಅಂಗಿ ಜೇಬಿಗೆ ಪೆನ್ನು ಸಿಕ್ಕಿಸುವ ಹಳೆಯ ರೂಢಿಯಲ್ಲಿ ನಿಬ್ಬು ಮೇಲಿರುತ್ತದೆ ಎಂಬುದನ್ನು ಗಮನಿಸಬಹುದು.

ಕೊಳ್ಳುವಾಗಲೂ ಇದೇ ಲೆಕ್ಕ ನೆರವಿಗೆ ಬರುತ್ತದೆ. ಡ್ರಾಪರಿನಿಂದ ನೇರವಾಗಿ ಕೊಳವೆಗೇ ಶಾಯಿ ತುಂಬುವ ಪೆನ್ನು ಭಾರತದಲ್ಲಿ ಮೊದಲಿನಿಂದ ಪರಿಚಿತ. ರಾಜಮಂಡ್ರಿಯ ರತ್ನಂ, ಮುಂಬಯಿಯ ಕ್ಯಾಮ್ಲಿನ್ ಮತ್ತು ಏರ್‌ಮೇಲ್ ಇಂಥವನ್ನು ಮಾಡಿ ಹೆಸರಾದವು. ಇದರ ಹೊಟ್ಟೆ ದೊಡ್ಡದು, ಒಮ್ಮೆ ತುಂಬಿದರೆ ಹಲವು ದಿನ ಬರುತ್ತದೆ; ಆದರೆ ಶಾಯಿ ತೀರಿದಂತೆ ಗಾಳಿಯೂ ಅಷ್ಟೇ ದೊಡ್ಡದಾಗುತ್ತದೆ. ಒಳಗೆ ಪುಟ್ಟ ಪಿಚಕಾರಿಯಂಥ ಕನ್ವರ್ಟರ್ ಇರುವ ಪೆನ್ನು ಒಂದು ಮಿಲಿಲೀಟರಿಗೂ ಕಡಿಮೆ ಶಾಯಿ ಹಿಡಿಯುತ್ತದೆ, ಗಾಳಿಗೂ ಅಷ್ಟೇ ಜಾಗ, ಹಾಗಾಗಿ ಕಕ್ಕುವುದು ಕಡಿಮೆ. ಹಿಂದೆ ಮನೆಮನೆಯಲ್ಲಿದ್ದ ಚೀನಾದ ಹೀರೋ ಪೆನ್ನಿನ, ಒತ್ತಿ ಬಿಟ್ಟು ಶಾಯಿ ಹೀರಿಸುವ ರಬ್ಬರ್ ಚೀಲವೂ ಸಣ್ಣದೇ. ಮೇಜಿನ ಮೇಲೆ ಕುಳಿತು ಪುಟಗಟ್ಟಲೆ ಬರೆಯುವವರಿಗೆ ಡ್ರಾಪರ್ ಪೆನ್ನು ಒಳ್ಳೆಯದು. ಊರೂರು ತಿರುಗುವವರಿಗೆ, ಮಕ್ಕಳಿಗೆ ಕನ್ವರ್ಟರ್ ಪೆನ್ನು. ಎರಡೂ ಬಗೆಯವು ನೂರಿನ್ನೂರು ರೂಪಾಯಿಯ ಆಸುಪಾಸಿನಲ್ಲೇ ಸಿಗುತ್ತವೆ. ಮೊದಲ ಪೆನ್ನಿಗೆ ಅದಕ್ಕಿಂತ ಹೆಚ್ಚು ಕೊಡಬೇಕಾದ ಕಾರಣವಿಲ್ಲ.

ಅಂಗಡಿಯಲ್ಲಿ ನಿಬ್ಬನ್ನು ಶಾಯಿಯಲ್ಲಿ ಅದ್ದಿ ಎರಡು ಗೀಟು ಎಳೆದು ನೋಡುವುದರಿಂದ ತಿಳಿಯುವುದು ನಿಬ್ಬಿನ ನುಣುಪು ಮಾತ್ರ. ಅದ್ದಿದ ಶಾಯಿ ತೀರುವವರೆಗೆ ಎಂಥ ಕೆಟ್ಟ ನಾಲಿಗೆಯೂ ಒಳ್ಳೆಯದೇ. ತುಂಬಿಸಿ ಕೊಡುವ ಅಂಗಡಿಯಾದರೆ ಅರ್ಧ ಪುಟ ಬರೆದು ನೋಡಬೇಕು. ಇಲ್ಲವಾದರೆ ನಿಬ್ಬನ್ನು ಎದುರಿನಿಂದ, ಸಾಧ್ಯವಾದರೆ ಭೂತಗನ್ನಡಿಯಲ್ಲಿ ನೋಡಬೇಕು: ಸೀಳಿನ ಎರಡು ಪಕ್ಕಗಳೂ ಒಂದೇ ಮಟ್ಟದಲ್ಲಿರಬೇಕು, ನಾಲಿಗೆ ನಿಬ್ಬಿನ ನಡುವಿಗೆ ಸರಿಯಾಗಿ ಅಂಟಿಕೊಂಡಿರಬೇಕು. ಗೀಚಿದಂತೆ ಬರೆಯುವ ನಿಬ್ಬುಗಳಲ್ಲಿ ಬಹುಪಾಲಿನ ದೋಷ ಈ ಮಟ್ಟದ್ದೇ. ಕನ್ನಡ ಬರೆಯುವವರಿಗೆ ಸಣ್ಣ ನಿಬ್ಬೇ ಲೇಸು. ‘ಕ್ಷ’, ‘ಣ’ಗಳ ಸುರುಳಿ, ಸಾಲಿನ ಅಡಿಗೆ ಇಳಿಯುವ ಒತ್ತಕ್ಷರ ಇವೆಲ್ಲ ದಪ್ಪ ನಿಬ್ಬಿನಲ್ಲಿ ಮುಚ್ಚಿಹೋಗಿ ‘ರಾಷ್ಟ್ರ’ ಎಂಬುದು ಒಂದು ಕಲೆಯಾಗಿ ಕಾಣುತ್ತದೆ. ಜಪಾನಿನ ‘ಫೈನ್’ ನಿಬ್ಬು ಯುರೋಪಿನ ‘ಫೈನ್’ಗಿಂತ ಸಪೂರ ಎಂಬುದೂ ಗೊತ್ತಿರಬೇಕು. ನಿಬ್ಬಿನ ಮೇಲೆ ‘ಇರಿಡಿಯಂ’ ಎಂದು ಅಚ್ಚೊತ್ತಿದ್ದರೆ ಮರುಳಾಗಬೇಕಿಲ್ಲ. ತುದಿಯ ಗುಂಡಿಗೆ ಈಗ ಬಳಸುವುದು ಹೆಚ್ಚಾಗಿ ಬೇರೆ ಗಟ್ಟಿ ಲೋಹಗಳ ಮಿಶ್ರಣ. ತೀರಾ ಅಗ್ಗದ ನಿಬ್ಬಿನಲ್ಲಿ ಉಕ್ಕನ್ನೇ ಮಡಿಸಿ ಗುಂಡು ಮಾಡಿರುತ್ತಾರೆ.

ಶಾಯಿಯ ವಿಷಯ ಚುಟುಕು. ಪೆನ್ನಿಗೆಂದೇ ಮಾಡಿದ, ನೀರಿನಲ್ಲಿ ಬಣ್ಣ ಕರಗಿಸಿದ ಶಾಯಿ ಮಾತ್ರ ಹಾಕಬೇಕು. ಕ್ಯಾಮೆಲ್, 1934ರಿಂದ ಬಂಗಾಳದ ಮನೆಮಾತಾದ ಸುಲೇಖಾ, ಪಾರ್ಕರ್ ಕ್ವಿಂಕ್ ಎಲ್ಲವೂ ಆದೀತು. ಅರಗು ಬೆರೆಸಿದ ಚಿತ್ರಕಲೆಯ ಇಂಡಿಯನ್ ಇಂಕ್ ನಾಲಿಗೆಯ ಸಂದಿನಲ್ಲಿ ಒಣಗಿ ಕಲ್ಲಾಗುತ್ತದೆ. ರಾಯಲ್ ಬ್ಲೂ ನೀರು ತಾಗಿದರೆ ಹರಡುತ್ತದೆ, ಬಿಸಿಲಿಗೆ ಮಾಸುತ್ತದೆ. ದಾಖಲೆಗೆ ತಕ್ಕುದಲ್ಲ, ಅಂಗಿಗೆ ಕ್ಷೇಮ. ಕಬ್ಬಿಣದ ಲವಣ ಸೇರಿದ ಹಳೆಯ ಬಗೆಯ ಶಾಯಿ ಗಾಳಿ ತಾಗಿದಂತೆ ಕಪ್ಪಾಗಿ ಕಾಗದಕ್ಕೆ ಕಚ್ಚುತ್ತದೆ, ಆದರೆ ಅದು ಆಮ್ಲೀಯ, ಅಗ್ಗದ ಉಕ್ಕಿನ ನಿಬ್ಬನ್ನು ತಿನ್ನಬಲ್ಲದು. ಪೆನ್ನಿನಲ್ಲಿ ಉಳಿದ ಶಾಯಿಯನ್ನು ಬಾಟಲಿಗೆ ಮರಳಿ ಸುರಿಯಬಾರದು. ಬೂಷ್ಟು ಬರುವುದು ಹಾಗೆಯೇ.

ಡ್ರಾಪರ್ ಪೆನ್ನಿನ ತಿರುಪಿನಲ್ಲಿ ಶಾಯಿ ಜಿನುಗಿ ಬೆರಳು ನೀಲಿಯಾಗುತ್ತಿದ್ದರೆ ಅಲ್ಲಿಗೆ ತುಸು ಸಿಲಿಕೋನ್ ಗ್ರೀಸು ಸವರಬೇಕು. ವ್ಯಾಸಲೀನು ಬೇಡ, ತಿರುಪಿನಲ್ಲಿ ರಬ್ಬರ್ ಉಂಗುರವಿದ್ದರೆ ಅದನ್ನು ಕೆಡಿಸುತ್ತದೆ.

ಬರೆಯುವ ಕೈ ಬಾಲ್ ಪೆನ್ನಿನಿಂದ ಬಂದದ್ದಾದರೆ ಮೊದಲು ಮರೆಯಬೇಕಾದದ್ದು ಒತ್ತುವುದನ್ನು. ಬಾಲ್ ಪೆನ್ನಿನ ಗುಂಡು ಉರುಳಬೇಕು, ಅದಕ್ಕೆ ಒತ್ತಡ ಬೇಕು. ಶಾಯಿ ಪೆನ್ನಿನಲ್ಲಿ ಕಾಗದ ತಾನೇ ಶಾಯಿ ಹೀರುವುದರಿಂದ ಪೆನ್ನಿನ ಭಾರವೇ ಸಾಕು. ಒತ್ತಿದರೆ ಸೀಳು ಬಿರಿದು, ಕಾಲಕ್ರಮದಲ್ಲಿ ಹಾಗೆಯೇ ಉಳಿದುಬಿಡುತ್ತದೆ. ‘ನನ್ನ ಪೆನ್ನು ಬೇರೆಯವರ ಕೈಗೆ ಹೋದರೆ ಕೆಡುತ್ತದೆ’ ಎಂಬ ಮಾತಿನಲ್ಲಿ ಸತ್ಯವಿರುವುದು ಇಷ್ಟೇ. ನಿಬ್ಬು ಒಡೆಯನ ಕೈಗೆ ಒಗ್ಗುವಷ್ಟು ಸವೆಯಲು ಬಹಳ ಕಾಲ ಬೇಕು, ಸಾಲ ಪಡೆದವನು ಬಾಲ್ ಪೆನ್ನಿನಂತೆ ಒತ್ತಿ ಹಾಳುಮಾಡಲು ಒಂದು ಸಹಿ ಸಾಕು. ಹಿಡಿತ ಸುಮಾರು 45 ಡಿಗ್ರಿ ಓರೆಯಾಗಿ, ನಿಬ್ಬಿನ ಬೆನ್ನು ಮೇಲಕ್ಕೆ ಇರಲಿ. ಪೆನ್ನು ಬೆರಳಿನಲ್ಲಿ ಹೊರಳಿದರೆ ಸೀಳಿನ ಒಂದು ಪಕ್ಕ ಗಾಳಿಯಲ್ಲಿ ನಿಲ್ಲುತ್ತದೆ, ಗೆರೆ ತುಂಡಾಗುತ್ತದೆ. ಶಾಯಿ ಹಬ್ಬಿ ಅಕ್ಷರಕ್ಕೆ ರೋಮ ಬಂದಂತೆ ಕಂಡರೆ ತಪ್ಪು ಹೆಚ್ಚಾಗಿ ಕಾಗದದ್ದು. ಅದೇ ಶಾಯಿಯಿಂದ ಬೇರೆ ಹಾಳೆಯಲ್ಲಿ ಬರೆದು ನೋಡದೆ ಪೆನ್ನನ್ನು ದೂರಬಾರದು.

ಪಾಲನೆಯೆಂದರೆ ನೀರು. ತಿಂಗಳಿಗೊಮ್ಮೆ, ಮತ್ತು ಶಾಯಿಯ ಬಣ್ಣ ಬದಲಿಸಿದಾಗೆಲ್ಲ, ನೀರು ತಿಳಿಯಾಗಿ ಬರುವವರೆಗೆ ಕತ್ತಿನ ಭಾಗವನ್ನು ತೊಳೆಯಬೇಕು. ಕನ್ವರ್ಟರಿನಲ್ಲಿ ಹೀರಿಸಿ ಬಿಟ್ಟರಾಯಿತು. ಡ್ರಾಪರ್ ಪೆನ್ನಿಗೆ ಸೂಜಿ ತೆಗೆದ ಸಿರಿಂಜು ಒಳ್ಳೆಯದು. ಗಡಸು ಬೋರ್‌ವೆಲ್ ನೀರಿನ ಲವಣ ಸಂದಿನಲ್ಲಿ ಉಳಿಯುವುದರಿಂದ ಕೊನೆಯ ಜಾಲನೆ ಕುಡಿಯುವ ನೀರಿನಲ್ಲಾಗಲಿ. ಗಟ್ಟಿಯಾಗಿ ಕಟ್ಟಿಕೊಂಡಿದ್ದರೆ ರಾತ್ರಿಯಿಡೀ ನಿಬ್ಬು ಕೆಳಗಾಗಿ ಲೋಟದ ನೀರಿನಲ್ಲಿ ನಿಲ್ಲಿಸಬೇಕು, ಅದಕ್ಕೂ ಬಗ್ಗದಿದ್ದರೆ ಪಾತ್ರೆ ತೊಳೆಯುವ ದ್ರವದ ಒಂದೇ ತೊಟ್ಟು. ಸ್ಪಿರಿಟ್ಟು ಕೂಡದು, ಕೆಲವು ಪ್ಲಾಸ್ಟಿಕ್ಕುಗಳು ಅದಕ್ಕೆ ಬಿರುಕುಬಿಡುತ್ತವೆ. ತಿಂಗಳುಗಟ್ಟಲೆ ಬಳಸದ ಪೆನ್ನನ್ನು ತೊಳೆದು ಒಣಗಿಸಿಯೇ ಎತ್ತಿಡಬೇಕು. ಬೆಳಗ್ಗೆ ಹಟ ಹಿಡಿದ ಪೆನ್ನನ್ನು ಝಾಡಿಸುವ ಬದಲು ನಿಬ್ಬಿನ ತುದಿಗೆ ಒದ್ದೆ ಬಟ್ಟೆ ಮುಟ್ಟಿಸಿದರೆ ಸಾಕು. ಇದು ಗೊತ್ತಿದ್ದರೆ ಎಷ್ಟೋ ಶಾಲೆಗಳ ಗೋಡೆಗಳು ಶಾಯಿಯ ಕಲೆಯಿಂದ ಉಳಿಯುತ್ತಿದ್ದವು.

ತೊಳೆದ ಮೇಲೂ ಶಾಯಿ ಬಾರದಿದ್ದರೆ ಸೀಳಿಗೆ ಬ್ಲೇಡು ಹಾಕುವುದು ರೂಢಿ. ಕೆಟ್ಟ ರೂಢಿ. ಬ್ಲೇಡಿನ ಅಂಚು ಸೀಳಿನ ಒಳಮೈಯನ್ನು ಗೀರುತ್ತದೆ, ಸೀಳು ಬೇಕಾದ್ದಕ್ಕಿಂತ ಅಗಲವಾಗಿ, ಬಾರದಿದ್ದ ಶಾಯಿ ನಿಲ್ಲದಂತಾಗುತ್ತದೆ. ಕೂದಲೆಳೆಯಷ್ಟು ತೆಳುವಾದ ಹಿತ್ತಾಳೆ ತಗಡನ್ನು ಸೀಳಿನಲ್ಲಿ ಒಂದೆರಡು ಸಲ ಮೆಲ್ಲಗೆ ಜಾರಿಸುವುದು ಸರಿಯಾದ ಕ್ರಮ. ಅದಕ್ಕೂ ಮುಂಚೆ ಪೆನ್ನನ್ನು ಬೆಳಕಿಗೆ ಹಿಡಿದು ಪಕ್ಕದಿಂದ ನೋಡಬೇಕು: ನಿಬ್ಬಿಗೂ ನಾಲಿಗೆಗೂ ನಡುವೆ ಬೆಳಕು ನುಸುಳಿದರೆ ಶಾಯಿಯ ದಾರಿ ಅಲ್ಲೇ ಕಡಿದಿದೆ ಎಂದರ್ಥ. ಅಗ್ಗದ ಪೆನ್ನುಗಳಲ್ಲಿ ಹೆಚ್ಚಿನವುಗಳ ನಿಬ್ಬು, ನಾಲಿಗೆ ಬಿಗಿತದಿಂದಷ್ಟೇ ನಿಂತಿರುತ್ತವೆ. ಎರಡನ್ನೂ ಒಟ್ಟಿಗೆ ಹಿಡಿದು ತಿರುಚದೆ ನೇರವಾಗಿ ಎಳೆದರೆ ಕಳಚಿಬರುತ್ತವೆ. ನಾಲಿಗೆ ಎಬೊನೈಟಿನದಾದರೆ, ಎಂದರೆ ಗಂಧಕ ಸೇರಿಸಿ ಗಟ್ಟಿಮಾಡಿದ ರಬ್ಬರಿನದಾದರೆ, ನಿಬ್ಬಿನೊಡನೆ ಕತ್ತಿಗೆ ಕೂಡಿಸಿ, ಕುದಿ ಬರುವ ಮುಂಚಿನ ಬಿಸಿನೀರಿನಲ್ಲಿ ತುದಿಯನ್ನಷ್ಟೇ ಅರ್ಧ ನಿಮಿಷ ಅದ್ದಿ, ಬಟ್ಟೆಯಲ್ಲಿ ಹಿಡಿದು ನಿಬ್ಬಿಗೆ ಒತ್ತಿ, ತಣ್ಣೀರಿನಲ್ಲಿ ತಣಿಸಬೇಕು. ಮೆತ್ತಗಾದ ನಾಲಿಗೆ ನಿಬ್ಬಿನ ಆಕಾರವನ್ನೇ ತಳೆದು ಗಟ್ಟಿಯಾಗುತ್ತದೆ. ಪ್ಲಾಸ್ಟಿಕ್ ನಾಲಿಗೆ ಇದಕ್ಕೆ ಸುಲಭವಾಗಿ ಮಣಿಯದು. ಅದನ್ನು ಬದಲಿಸುವುದೇ ವಾಸಿ. ಈ ಕೆಲಸ ಕಲಿಯುವವರು ಮೊದಲು ಕೆಟ್ಟುಹೋದ ಒಂದೆರಡು ಪೆನ್ನುಗಳನ್ನು ಕಳಚಿ, ನಾಲಿಗೆಯ ಕಾಲುವೆ ಎಲ್ಲಿ ತೊಡಗಿ ಎಲ್ಲಿ ಮುಗಿಯುತ್ತದೆಂದು ನೋಡಿ, ಮತ್ತೆ ಜೋಡಿಸಿ ನೀರು ತುಂಬಿ ಹರಿವನ್ನು ಪರೀಕ್ಷಿಸಿಕೊಳ್ಳಬೇಕು.