ಶಾಸಕರ ವಾರ ಮತ್ತು ವರ್ತಕರ ಅಹವಾಲು

ಜುಲೈ 21 ನರಗುಂದಕ್ಕೆ ಸಾಮಾನ್ಯ ದಿನವಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ್ದ ಅಭಿವೃದ್ಧಿ ಕರದ ವಿರುದ್ಧ 1980ರಲ್ಲಿ ನಡೆದ ಬಂಡಾಯದ ಹುತಾತ್ಮರನ್ನು ಪ್ರತಿವರ್ಷ ಅಂದು ಸ್ಮರಿಸಲಾಗುತ್ತದೆ. 2023ರಲ್ಲಿ ಆ ದಿನ ಶುಕ್ರವಾರ ಬಂದಿತ್ತು. ವಿಧಾನಮಂಡಲದ ಆಯವ್ಯಯ ಅಧಿವೇಶನದ ಕೊನೆಯ ದಿನವೂ ಅದೇ ಆಗಿತ್ತು. ನರಗುಂದದಿಂದ ಬೆಂಗಳೂರಿಗೆ 400 ಕಿಲೋಮೀಟರಿಗೂ ಹೆಚ್ಚು ದೂರ. ಶಾಸಕರು ಎರಡೂ ಕಡೆ ಇರಬೇಕೆಂಬುದು ಕ್ಷೇತ್ರದ ಅಪೇಕ್ಷೆ.

ಅಧಿವೇಶನದ ವಾರದಲ್ಲಿ ಶಾಸಕರು ಊರಿಗೆ ಮರಳುವುದು ಸಾಮಾನ್ಯವಾಗಿ ಶನಿವಾರದ ಹೊತ್ತಿಗೆ. ಬೆಳಗಾಗುವುದರೊಳಗೆ ಮನೆಯ ಮುಂದೆ ಜನ ಸೇರಿರುತ್ತಾರೆ. ಒಬ್ಬರಿಗೆ ವರ್ಗಾವಣೆ, ಇನ್ನೊಬ್ಬರಿಗೆ ಪಿಂಚಣಿ, ಮತ್ತೊಬ್ಬರಿಗೆ ಪಂಪ್‌ಸೆಟ್ಟಿನ ಟ್ರಾನ್ಸ್‌ಫಾರ್ಮರ್. ಬಳಿಕ ಮದುವೆ, ಜಾತ್ರೆ, ಸಾವಿನ ಮನೆ. ಲಗ್ನಕ್ಕೆ ಬಾರದ ಶಾಸಕರನ್ನು ಜನ ಐದು ವರ್ಷ ನೆನಪಿಡುತ್ತಾರೆ. ಮಸೂದೆಯ ಚರ್ಚೆಗೆ ಗೈರಾದವರನ್ನು ಯಾರೂ ಕೇಳುವುದಿಲ್ಲ. ಈ ಮಾತಿನಲ್ಲಿ ನಾವು ವರ್ತಕರೂ ಹೊರತಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು 2005ರ ಕಾಯ್ದೆ ವಿಧಿಸಿದ್ದರೂ ಅದು ಪಾಲನೆಯಾದ ವರ್ಷಗಳು ವಿರಳ.

ಇದರ ಬೆಲೆಯನ್ನು ನಮ್ಮ ಪೇಟೆಗಳು ತೆತ್ತಿವೆ. 2020ರಲ್ಲಿ ಎಪಿಎಂಸಿ ಕಾಯ್ದೆಗೆ ಮೊದಲು ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ಬಂದಿತು. ಪ್ರಾಂಗಣದ ಹೊರಗಿನ ವ್ಯಾಪಾರದ ಮೇಲೆ ಸಮಿತಿಗಳಿಗಿದ್ದ ಹಿಡಿತ ಸಡಿಲಿತು. ಕಡಲೆ, ಹೆಸರು, ಮೆಣಸಿನಕಾಯಿ ವಹಿವಾಟಿನ ಅಡತಿದಾರನು ಒಳಗೆ ಶುಲ್ಕ ಕಟ್ಟಿ, ಹೊರಗೆ ಶುಲ್ಕವಿಲ್ಲದೆ ಕೊಳ್ಳುವವನೊಡನೆ ಪೈಪೋಟಿಗಿಳಿಯಬೇಕಾಯಿತು. ಆ ತಿದ್ದುಪಡಿಯನ್ನು ಹಿಂತೆಗೆದುಕೊಳ್ಳುವ ಮಸೂದೆಗೆ 2023ರ ಜುಲೈ ತಿಂಗಳಲ್ಲಿಯೇ ವಿಧಾನಸಭೆ ಒಪ್ಪಿಗೆ ನೀಡಿತು. ವಿಧಾನ ಪರಿಷತ್ತು ಅದನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಿತು. ಇಂತಹ ಸಮಿತಿಯ ಮುಂದೆ ವ್ಯಾಪಾರಿ ಸಂಘಗಳು ತಮ್ಮ ಅಭಿಪ್ರಾಯವನ್ನು ಬರವಣಿಗೆಯಲ್ಲಿ ಮಂಡಿಸಲು ಯತ್ನಿಸಬಹುದೆಂಬ ವಿಚಾರ ನಮ್ಮ ಅಂಗಡಿಗಳ ಮಾತುಕತೆಯಲ್ಲಿ ಅಪರೂಪ.

ನಮ್ಮ ಭಾಗಕ್ಕೆ ಇನ್ನೊಂದು ಅನುಕೂಲವೂ ಇದೆ. 2023ರ ಚುನಾವಣೆಯಲ್ಲಿ ರೋಣದಿಂದ ಕಾಂಗ್ರೆಸ್ಸಿನ ಜಿ.ಎಸ್. ಪಾಟೀಲ, ನರಗುಂದದಿಂದ ಭಾಜಪದ ಸಿ.ಸಿ. ಪಾಟೀಲ ಆಯ್ಕೆಯಾದರು. ಗಜೇಂದ್ರಗಡ ಈಗ ಪ್ರತ್ಯೇಕ ತಾಲ್ಲೂಕಾದರೂ ರೋಣ ಕ್ಷೇತ್ರದಲ್ಲಿಯೇ ಇದೆ. ಹೀಗೆ ಒಂದೇ ಬೆಳೆ ಮಾರುವ ನೆರೆಹೊರೆಯ ಪೇಟೆಗಳಿಗೆ ಆಡಳಿತ ಪಕ್ಷದಲ್ಲೊಬ್ಬರು, ವಿರೋಧ ಪಕ್ಷದಲ್ಲೊಬ್ಬರು. ಮೊದಲಿನವರು ಮಂತ್ರಿಗಳ ಕೊಠಡಿಯಲ್ಲಿ ಮಾತನಾಡಬಲ್ಲರು, ಎರಡನೆಯವರು ಸದನದಲ್ಲಿ ಸರ್ಕಾರವನ್ನು ಇಕ್ಕಟ್ಟಿಗೆ ಸಿಲುಕಿಸಬಲ್ಲರು. ಒಂದೇ ಅಹವಾಲನ್ನು ಇಬ್ಬರಿಗೂ ಕೊಡುವುದರಲ್ಲಿ ಸಂಕೋಚವೇಕೆ?

ಆದರೆ ಹಾರ ಹಾಕುವ ಸಮಾರಂಭದಲ್ಲಿ ಕೈಗಿತ್ತ ಮನವಿ ಆಪ್ತಸಹಾಯಕರ ಚೀಲ ಸೇರಿ ಅಲ್ಲಿಯೇ ಉಳಿಯುತ್ತದೆ. ಪ್ರಶ್ನೆಯ ಸೂಚನೆಯನ್ನು ಸದಸ್ಯರು ಸಾಕಷ್ಟು ಮುಂಚೆಯೇ ಸಚಿವಾಲಯಕ್ಕೆ ಸಲ್ಲಿಸಬೇಕಾಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಬಾಯಿಮಾತಿನ ಉತ್ತರ, ಉಪಪ್ರಶ್ನೆಗೂ ಅವಕಾಶ; ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಆದ್ದರಿಂದ ಅಧಿವೇಶನ ಕರೆದ ಸುದ್ದಿ ಪತ್ರಿಕೆಯಲ್ಲಿ ಬಂದ ವಾರವೇ, ಒಂದು ಪುಟ ಮೀರದಂತೆ, ಇಲಾಖೆ ಮತ್ತು ಆದೇಶದ ಸಂಖ್ಯೆ ಸಹಿತ ವಿಷಯವನ್ನು ಬರೆದು ಶನಿವಾರದ ಭೇಟಿಯಲ್ಲಿ ಒಪ್ಪಿಸತಕ್ಕದ್ದು. ಮದುವೆಯ ಆಮಂತ್ರಣ ಪತ್ರಿಕೆಯನ್ನು ಇನ್ನೊಂದು ದಿನ ಕೊಡಬಹುದು.