ತುಕ್ಕಿಗೂ ಒಂದು ಕಾರಣ: ಮಾದರಿ ಟ್ಯಾಂಕುಗಳ ವರ್ಣಕಲೆ

ಪ್ಲಾಸ್ಟಿಕ್ ಬಿಡಿಭಾಗಗಳನ್ನು ಜೋಡಿಸಿ ಯುದ್ಧವಾಹನಗಳ ಕಿರುಮಾದರಿ ಕಟ್ಟುವ ಹವ್ಯಾಸದಲ್ಲಿ ಟ್ಯಾಂಕುಗಳಿಗೆ ಹೆಚ್ಚು ಬಳಕೆಯಾಗುವ ಪ್ರಮಾಣ 1:35, ಅಂದರೆ ಮೂಲ ವಾಹನದ 35 ಸೆಂಟಿಮೀಟರು ಮಾದರಿಯಲ್ಲಿ ಒಂದು ಸೆಂಟಿಮೀಟರಿಗೆ ಇಳಿಯುತ್ತದೆ. ಜಪಾನಿನ ಶಿಝುವೊಕಾ ನಗರದ ತಮಿಯಾ ಸಂಸ್ಥೆಯು 1960ರ ದಶಕದ ಆರಂಭದಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿ ರೂಪಿಸಿದಾಗ ಮೋಟಾರು ಮತ್ತು ಬ್ಯಾಟರಿಗಳು ಒಳಗೆ ಹಿಡಿಸುವಂತೆ ಇಟ್ಟ ಅಳತೆಯೇ ಕ್ರಮೇಣ ಇತರ ತಯಾರಕರೂ ಒಪ್ಪಿಕೊಂಡ ಮಾನದಂಡವಾಯಿತು. ಹೀಗೆ ಕಟ್ಟಿದ ಮಾದರಿಗೆ ಬಿಸಿಲು, ಕೆಸರು, ತುಕ್ಕು ಮತ್ತು ಗುಂಡೇಟಿನ ಗುರುತುಗಳನ್ನು ಬಣ್ಣದಿಂದ ಕೊಡುವ ಕುಶಲತೆಯನ್ನು ಹವ್ಯಾಸಿಗಳು ವೆದರಿಂಗ್ ಎಂದು ಕರೆಯುತ್ತಾರೆ.

ಈ ಕುಶಲತೆ ಬೆಳೆದದ್ದು ಹಲವು ದೇಶಗಳಲ್ಲಿ. ಅಮೆರಿಕದ ಶೆಪರ್ಡ್ ಪೇನ್ 1970ರ ದಶಕದಲ್ಲಿ ಮೊನೊಗ್ರಾಂ ಸಂಸ್ಥೆಯ ಮಾದರಿಗಳಿಗಾಗಿ ರಚಿಸಿದ ಡಯೊರಾಮಾಗಳು, ಅಂದರೆ ನೆಲ, ಗೋಡೆ, ಸೈನಿಕರ ಸಮೇತ ಕಟ್ಟಿದ ದೃಶ್ಯಗಳು, ಪೆಟ್ಟಿಗೆಯೊಳಗಿನ ವರ್ಣಪತ್ರಿಕೆಗಳ ಮೂಲಕ ಸಾವಿರಾರು ಹುಡುಗರ ಕೈ ಸೇರಿದವು. ಬೆಲ್ಜಿಯಮ್ಮಿನ ಫ್ರಾಂಸ್ವಾ ವರ್ಲಿಂಡನ್ ಡ್ರೈಬ್ರಶ್ ವಿಧಾನವನ್ನು, ಎಂದರೆ ಬಣ್ಣವನ್ನು ಬಹುಪಾಲು ಒರೆಸಿಬಿಟ್ಟ ಕುಂಚದಿಂದ ಉಬ್ಬಿದ ಅಂಚುಗಳನ್ನಷ್ಟೇ ತಿಳಿಬಣ್ಣದಲ್ಲಿ ಸವರುವ ಕ್ರಮವನ್ನು, ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು. ಈ ಶತಮಾನದ ಆರಂಭದಿಂದ ಸ್ಪೇನಿನ ಮಿಗೆಲ್ ಹಿಮೆನೆಸ್ ಮತ್ತು ಅವರ ಸಮಕಾಲೀನರು ತೈಲವರ್ಣ ಹಾಗೂ ಪುಡಿಬಣ್ಣಗಳಿಗೆ ಮುಖ್ಯಸ್ಥಾನ ಕೊಟ್ಟು ಇಡೀ ಪದ್ಧತಿಯ ದಿಕ್ಕನ್ನೇ ಬದಲಿಸಿದರು.

ಆದರೆ ಕುಂಚದ ಕೌಶಲಕ್ಕಿಂತ ಮೊದಲು ಬೇಕಾದದ್ದು ಲೋಹದ ತಿಳಿವಳಿಕೆ. ಎರಡನೆಯ ಮಹಾಯುದ್ಧದಲ್ಲಿ ರಣರಂಗಕ್ಕಿಳಿದ ಎಷ್ಟೋ ಟ್ಯಾಂಕುಗಳು ಕೆಲವೇ ತಿಂಗಳು ಬಾಳಿದವು. ಅಷ್ಟರಲ್ಲಿ ದಪ್ಪ ಕವಚದ ಉಕ್ಕು ಆಳವಾಗಿ ತುಕ್ಕು ಹಿಡಿಯುವುದಿಲ್ಲ. ತುಕ್ಕು ಬೇಗ ಕಾಣುವುದು ಹೊಗೆಕೊಳವೆಯ ಮೇಲೆ, ಏಕೆಂದರೆ ಎಂಜಿನ್ನಿನ ಶಾಖಕ್ಕೆ ಅಲ್ಲಿನ ಬಣ್ಣ ಸುಟ್ಟು ಉದುರಿ, ಬರಿಯ ಲೋಹ ಮಳೆಗೂ ಗಾಳಿಗೂ ತೆರೆದುಕೊಳ್ಳುತ್ತದೆ. ಅದರ ನಂತರದ ಸರದಿ ತೆಳುತಗಡಿನ ಮಡ್‌ಗಾರ್ಡುಗಳದ್ದು. ನೆಲಕ್ಕೆ ಉಜ್ಜುವ ಚಕ್ರಪಟ್ಟಿಯ ಕೊಂಡಿಗಳಲ್ಲಿ ಮೂಲೆಗಳು ಕಂದಾಗಿದ್ದರೂ ನೆಲ ತಾಗುವ ಭಾಗ ಚಲನೆಯಲ್ಲಿರುವವರೆಗೂ ಬೆಳ್ಳಗೆ ಹೊಳೆಯುತ್ತಿರುತ್ತದೆ. ವಿಯೆಟ್ನಾಂ ಯುದ್ಧದಲ್ಲಿ ಬಳಕೆಯಾದ ಅಮೆರಿಕದ ಎಂ113 ವಾಹನದ ಒಡಲು ಅಲ್ಯೂಮಿನಿಯಂ ಮಿಶ್ರಲೋಹದ್ದಾದ್ದರಿಂದ ಅದಕ್ಕೆ ಕೆಂಪು ತುಕ್ಕು ಬಳಿಯುವುದು, ಎಷ್ಟೇ ಸುಂದರವಾಗಿ ಬಳಿದರೂ, ಶುದ್ಧ ತಪ್ಪು. ಇನ್ನೂ ಸಾಮಾನ್ಯವಾದ ತಪ್ಪೊಂದು ಜರ್ಮನ್ ಟ್ಯಾಂಕುಗಳಲ್ಲಿ ಕಾಣುತ್ತದೆ. ಅವುಗಳಿಗೆ ಮೊದಲು ಕೆಂಗಂದು ಬಣ್ಣದ ತುಕ್ಕುನಿರೋಧಕ ಅಸ್ತರು ಹಚ್ಚಿ, 1943ರ ಫೆಬ್ರವರಿಯ ಆದೇಶದ ತರುವಾಯ ಅದರ ಮೇಲೆ ಮಾಸಲು ಹಳದಿ ಬಳಿಯುತ್ತಿದ್ದರು. ಮೇಲುಬಣ್ಣ ಚಕ್ಕೆಯೆದ್ದಾಗ ಕಾಣುವ ಆ ಕೆಂಪು ಅಸ್ತರನ್ನು ತುಕ್ಕೆಂದು ಭ್ರಮಿಸಿ ಅದರಿಂದ ಕೆಳಕ್ಕೆ ಕಂದು ಗೆರೆ ಇಳಿಸುವವರು ಬಹಳ. ಅಸ್ತರಿನಿಂದ ಗೆರೆ ಇಳಿಯುವುದಿಲ್ಲ. ಅದನ್ನೂ ದಾಟಿ ಉಕ್ಕನ್ನು ಮುಟ್ಟಿದ ಗೀರಿನಿಂದ ಮಾತ್ರ ಇಳಿಯುತ್ತದೆ.

ಬಣ್ಣ ಚಕ್ಕೆಯೆದ್ದ ನೋಟವನ್ನು ಮೂಡಿಸಲು ಕೇಶಾಲಂಕಾರದ ಹೇರ್‌ಸ್ಪ್ರೇ ಬಳಸುವ ಉಪಾಯ ಈಗ ಎಲ್ಲೆಡೆ ರೂಢಿಯಲ್ಲಿದೆ. ಮೊದಲು ತುಕ್ಕಿನ ಛಾಯೆಗಳನ್ನು ಬಳಿದು ಒಣಗಿಸಿ, ಅದರ ಮೇಲೆ ಹೇರ್‌ಸ್ಪ್ರೇಯ ತೆಳು ಪದರ ಹರಡಿ, ಆಮೇಲೆ ಅಕ್ರಿಲಿಕ್ ಮೇಲುಬಣ್ಣ ಸಿಂಪಡಿಸುತ್ತಾರೆ. ಒದ್ದೆ ಕುಂಚದಿಂದ ಮೆಲ್ಲಗೆ ಉಜ್ಜಿದಾಗ ನೀರು ಒಳಕ್ಕಿಳಿದು ನಡುವಿನ ಪದರವನ್ನು ಕರಗಿಸುವುದರಿಂದ ಮೇಲುಬಣ್ಣ ತಾನಾಗಿ ಎದ್ದುಬರುತ್ತದೆ. ಹಿಮದ ಯುದ್ಧಗಳಲ್ಲಿ ಟ್ಯಾಂಕಿಗೆ ಹಚ್ಚಿ, ದಿನಗಳೆದಂತೆ ಸವೆದುಹೋಗುತ್ತಿದ್ದ ಬಿಳಿಸುಣ್ಣವನ್ನು ತೋರಿಸಲು ಇದರಷ್ಟು ನಂಬಿಕೆ ಹುಟ್ಟಿಸುವ ಮತ್ತೊಂದು ವಿಧಾನ ಸಿಗುವುದು ಕಷ್ಟ. ಬಳಿಕ ತೈಲವರ್ಣವನ್ನು ದ್ರಾವಕದಲ್ಲಿ ನೀರಾಗಿಸಿ ಹರಿಸುವ ವಾಶ್ ಎಂಬ ಹಂತದಲ್ಲಿ, ಕಲ್ಲಿನ ವಿಗ್ರಹದ ಕೆತ್ತನೆಯ ಸಂದುಗಳಲ್ಲಿ ದೀಪದ ಎಣ್ಣೆ ಕಪ್ಪಾಗಿ ನಿಲ್ಲುವಂತೆ, ಬೋಲ್ಟು ಮತ್ತು ಬೆಸುಗೆಗಳ ಸುತ್ತ ಗಾಢಛಾಯೆ ನಿಲ್ಲುತ್ತದೆ. ಹೊಸ ತುಕ್ಕು ಕಿತ್ತಳೆಯ ಕಡೆಗೂ ಹಳೆಯ ತುಕ್ಕು ಕಪ್ಪುಗಂದಿನ ಕಡೆಗೂ ಇರುವುದರಿಂದ ಒಂದೇ ಬಣ್ಣದಿಂದ ತುಕ್ಕು ಬರೆಯಲಾಗದು. ಪ್ರಮಾಣವನ್ನೂ ಮರೆಯುವಂತಿಲ್ಲ, ಮಾದರಿಯಲ್ಲಿ ಒಂದು ಮಿಲಿಮೀಟರಿನ ಚಕ್ಕೆಯೆಂದರೆ ಮೂಲದಲ್ಲಿ ಮೂರೂವರೆ ಸೆಂಟಿಮೀಟರಿನ ಗಾಯ.

ಯುದ್ಧದ ಗಾಯಗಳಲ್ಲಿ ಬಣ್ಣಕ್ಕಿಂತ ಮೊದಲು ಆಕಾರ ಬರುತ್ತದೆ. ತಗಡಿನ ಮಡ್‌ಗಾರ್ಡನ್ನು ಹಿಂದಿನಿಂದ ಕಾಗದದಷ್ಟು ತೆಳುವಾಗಿ ಕೆರೆದು ಮಣಿಸುತ್ತಾರೆ, ಅಥವಾ ಅದರ ಬದಲಿಗೆ ಹಿತ್ತಾಳೆಯ ಹಾಳೆ ಕೂರಿಸಿ ಸೊಟ್ಟಗೆ ಮಾಡುತ್ತಾರೆ. ಒಳಹೊಕ್ಕ ಗುಂಡಿನ ರಂಧ್ರಕ್ಕೆ ಬಿಸಿಯಾದ ಬೆಸುಗೆಕಡ್ಡಿ ನೆರವಾಗುತ್ತದೆ. ಸುಟ್ಟುಹೋದ ಟ್ಯಾಂಕಿನ ನಿಯಮಗಳೇ ಬೇರೆ: ಬಣ್ಣವೆಲ್ಲ ಉರಿದುಹೋದ ಉಕ್ಕು ಬಹಳ ಬೇಗ ಕಿತ್ತಳೆಗೆ ತಿರುಗುತ್ತದೆ, ಚಕ್ರಗಳ ರಬ್ಬರು ಬೂದಿಯಾಗಿ ಲೋಹದ ಅಂಚಷ್ಟೇ ಉಳಿಯುತ್ತದೆ, ಶಾಖದಿಂದ ಸ್ಪ್ರಿಂಗಿನ ಬಿಗಿ ಸತ್ತು ಒಡಲು ನೆಲದತ್ತ ಕುಸಿಯುತ್ತದೆ. ಅಂಥ ವಾಹನದೊಳಗೆ ಮನುಷ್ಯರಿದ್ದರು ಎಂಬ ಅರಿವಿಲ್ಲದೆ ಅದನ್ನು ಕೇವಲ ಬಣ್ಣದ ಸೊಗಸಿಗಾಗಿ ಕಟ್ಟುವುದು ಸಲ್ಲದು, ಮತ್ತು ಒಳ್ಳೆಯ ಮಾದರಿಕಾರರ ಕೆಲಸದಲ್ಲಿ ಆ ಅರಿವು ಕಾಣುತ್ತದೆ.

ಆಧಾರಕ್ಕೆ ಹಳೆಯ ಛಾಯಾಚಿತ್ರಗಳ ಜೊತೆಗೆ ವಸ್ತುಸಂಗ್ರಹಾಲಯಗಳೂ ಇವೆ. ಇಂಗ್ಲೆಂಡಿನ ಬೋವಿಂಗ್ಟನ್‌ನಲ್ಲಿರುವ ಟೈಗರ್ 131 ಎಂಬ ಜರ್ಮನ್ ಟ್ಯಾಂಕನ್ನು ಬ್ರಿಟಿಷ್ ಪಡೆಗಳು 1943ರ ಏಪ್ರಿಲ್‌ನಲ್ಲಿ ಟುನೀಸಿಯಾದಲ್ಲಿ ವಶಪಡಿಸಿಕೊಂಡವು. ಫಿರಂಗಿಯ ನಳಿಗೆಗೆ ತಾಗಿದ ಗುಂಡೊಂದು ಜಾರಿ, ಟರೆಟ್ ಎಂಬ ತಿರುಗುವ ಮೇಲ್ಭಾಗದ ಬುಡಕ್ಕೆ ಸಿಕ್ಕಿಕೊಂಡದ್ದರಿಂದ ಅದು ತಿರುಗದಾಯಿತು, ಮತ್ತು ಸಿಬ್ಬಂದಿ ಇಳಿದು ಓಡಿದರು. ಅದನ್ನು ಸೋಲಿಸಿದ ಏಟು ಅದರ ಮೇಲೆ ಬಿಟ್ಟಿರುವುದು ಕೆಲವು ಗೀರುಗಳನ್ನಷ್ಟೇ. ಆ ಟ್ಯಾಂಕಿನ ಮಾದರಿ ಕಟ್ಟುವವರಿಗೆ ಗಾಯಕ್ಕೆ ಬೇಕಾಗುವ ಬಣ್ಣ ಕುಂಚದ ತುದಿಯಲ್ಲಿ ನಿಲ್ಲುವಷ್ಟೇ.